ಸರ್ ಎಂ. ವಿಶ್ವೇಶ್ವರಯ್ಯನವರೂ ಬಡ ಊರುಗಳ ನೀರಿನ ಪ್ರಶ್ನೆಯೂ

ಮಳೆಗಾಲದಲ್ಲಿ ಗೋಕಾಕದ ಜಲಪಾತವನ್ನು ನೋಡಲು ದೂರದೂರದಿಂದ ಜನರು ಬರುತ್ತಾರೆ. ಸುಮಾರು 170 ಅಡಿಗಳ ಎತ್ತರದಿಂದ ಕೆಂಪು ನೀರು ಧುಮುಕುವದನ್ನು ಕಂಡು ಬೆರಗಾಗಿ ಮನೆಗೆ ಮರಳುತ್ತಾರೆ. ಆದರೆ ಅದೇ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಮಡ್ಡಿಯ ಮೇಲಿನ ಹಳ್ಳಿಗಳಿಗೆ ಚೈತ್ರ ವೈಶಾಖಗಳಲ್ಲಿ ಹೋದವರಿಗೆ ಬೇರೊಂದು ನೋಟವು ಕಾಣುವದು. ಬಾವಿಗಳು ತಳ ಕಂಡಿರುತ್ತವೆ. ಕೊಳವೆಬಾವಿಗಳು ನೀರಿನ ಬದಲು ಗಾಳಿಯನ್ನು ಉಗುಳುತ್ತವೆ. ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟಿ ನಿಂತಿರುತ್ತವೆ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಎಂಬ ಮೂರು ಹೊಳೆಗಳು ಹರಿಯುವ ಸೀಮೆಯಲ್ಲಿ, ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರನ್ನು ಹಿಡಿಯುವ ಜಲಾಶಯವಿದ್ದೂ, ಈ ಸ್ಥಿತಿಯು ಏಕೆ ಎಂದು ವಿಚಾರವಂತರು ಕೇಳದೆ ಇರಲಾರರು.

ನೀರಿಲ್ಲವೆಂಬದು ಇದಕ್ಕೆ ಪೂರ್ಣ ಉತ್ತರವಲ್ಲ. ನೀರನ್ನು ಊರಿಗೆ ತರಲು ದುಡ್ಡು ಬೇಕು. ತಂದ ನೀರನ್ನು ಸಮನಾಗಿ ಹಂಚಲು ಕಟ್ಟಳೆ ಬೇಕು. ಕಟ್ಟಿದ ಕೆಲಸವು ಹಾಳಾಗದಂತೆ ವರ್ಷಂಪ್ರತಿ ಕಾಪಾಡಲು ಜವಾಬುದಾರರು ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ನೀರು ಕಾಗದದ ಮೇಲೆಯೇ ಹರಿಯುವದು. ಈ ಮೂರನ್ನೂ ಒಟ್ಟಿಗೆ ಆಲೋಚಿಸಿದ ಕನ್ನಡಿಗರಲ್ಲಿ ಅಗ್ರಗಣ್ಯರೆಂದರೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕನ್ನಂಬಾಡಿಯ ಕಟ್ಟೆಯಿಂದಾಗಿ ಅವರ ಹೆಸರು ಮನೆಮಾತಾಗಿದೆ. ಆದರೆ ಬಡ ಮುನಸಿಪಾಲಿಟಿಗಳಿಗೂ ಮರಳುಗಾಡಿನ ಊರುಗಳಿಗೂ ಅವರು ಮಾಡಿದ ಕೆಲಸವು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಆ ದೃಷ್ಟಿಯಿಂದ ಅವರ ಜೀವನವನ್ನು ಇಂದು ವಾಚಕರ ಮುಂದೆ ಇಡುತ್ತೇವೆ.

ಇವರು ಹುಟ್ಟಿದ್ದು 1861ನೆಯ ಇಸವಿಯ ಸಪ್ಟೆಂಬರ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಯಿದ್ದಿತು, ಐಶ್ವರ್ಯವಿರಲಿಲ್ಲ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಸೋದರಮಾವನ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಓದಿದನು. ತನ್ನ ಖರ್ಚಿಗಾಗಿ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದನು. ಮೈಸೂರು ಸರಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ಸಾಯನ್ಸ್ ಕಾಲೇಜಿಗೆ ಹೋಗಿ, 1883ರಲ್ಲಿ ಇಂಜಿನಿಯರಿಂಗ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆ ಹೊಂದಿದನು. ಸಾರ್ವಜನಿಕರ ದುಡ್ಡಿನಿಂದ ಓದಿದವರು ಸಾರ್ವಜನಿಕರ ದುಡ್ಡಿನ ಬೆಲೆಯನ್ನು ಮುಂದೆ ಒಂದು ದಿನವೂ ಮರೆಯಲಿಲ್ಲವೆಂಬದನ್ನು ಅವರ ಜೀವನವೇ ಸಾರುತ್ತದೆ.

1884ರಲ್ಲಿ ಅವರು ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯಲ್ಲಿ ಅಸಿಸ್ಟಂಟ ಇಂಜಿನಿಯರರಾಗಿ ಸೇರಿದರು. ನಾವು ಇರುವ ಬೆಳಗಾವಿ ಜಿಲ್ಲೆಯೂ ಆಗ ಅದೇ ಇಲಾಖೆಗೆ ಸೇರಿದ್ದಿತು. ನಾಶಿಕ, ಖಾನದೇಶಗಳಲ್ಲಿ ಅವರ ಮೊದಲ ದಿನಗಳು ಕಳೆದವು. ಖಾನದೇಶದಲ್ಲಿ ಪಾಂಜರಾ ಹೊಳೆಯನ್ನು ದಾಟಿಸಿ ನೀರನ್ನು ಒಯ್ಯುವ ಕೊಳವೆಯ ಕೆಲಸವು ಈ ತರುಣನ ಪಾಲಿಗೆ ಬಂದಿತು. ಮಳೆಗಾಲದ ಪ್ರವಾಹವು ಅಡ್ಡ ಬಂದರೂ ಅದನ್ನು ಪೂರೈಸಿ ಮೇಲಧಿಕಾರಿಗಳ ಮೆಚ್ಚಿಕೆಯನ್ನು ಪಡೆದರು.

ಅವರ ನಿಜವಾದ ಕಸಬು ಬೆಳಕಿಗೆ ಬಂದದ್ದು ಸಿಂಧ ಪ್ರಾಂತದ ಸಕ್ಕರದಲ್ಲಿ. ಸಿಂಧವೂ ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ಮಳೆಯು ಹೆಸರಿಗೆ ಮಾತ್ರ ಬೀಳುವ, ಬೇಸಿಗೆಯಲ್ಲಿ ಕೆಂಡದಂತೆ ಕಾಯುವ ಮರಳುಸೀಮೆ ಅದು. ಊರ ಪಕ್ಕದಲ್ಲಿಯೇ ಸಿಂಧೂ ನದಿಯು ಹರಿಯುತ್ತಿದ್ದರೂ ಆ ನೀರು ರಾಡಿಯಿಂದ ತುಂಬಿ ಕುಡಿಯಲು ಯೋಗ್ಯವಿರಲಿಲ್ಲ. ನದಿಯ ನೀರನ್ನು ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿ, ಸೋಸಿ, ಊರಿಗೆ ಹಂಚಬೇಕೆಂಬ ಯೋಜನೆಯಿದ್ದಿತು. ಆದರೆ ನೀರನ್ನು ಸೋಸುವ ದೊಡ್ಡ ಕುಂಡಗಳನ್ನು ಕಟ್ಟಿಸುವಷ್ಟು ದುಡ್ಡು ಆ ಬಡ ಮುನಸಿಪಾಲಿಟಿಯ ಬೊಕ್ಕಸದಲ್ಲಿರಲಿಲ್ಲ.

ಇಂಥ ಪ್ರಸಂಗದಲ್ಲಿ ಸಾಮಾನ್ಯ ಅಧಿಕಾರಿಯು ಏನು ಮಾಡುತ್ತಿದ್ದನು? ದುಡ್ಡು ಮಂಜೂರಾಗುವ ವರೆಗೆ ಕೆಲಸವು ಆಗಲಾರದೆಂದು ಷರಾ ಬರೆದು ಕಾಗದವನ್ನು ಮೇಲಕ್ಕೆ ಕಳಿಸಿ ಸುಮ್ಮನಾಗುತ್ತಿದ್ದನು. ವಿಶ್ವೇಶ್ವರಯ್ಯನವರು ಹಾಗೆ ಮಾಡಲಿಲ್ಲ. ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಒರತೆ ತೋಡಿದರೆ ತಿಳಿನೀರು ಸಿಗುವದೆಂಬದನ್ನು ನಮ್ಮ ಹಳ್ಳಿಯ ಹೆಣ್ಣುಮಕ್ಕಳೂ ಬಲ್ಲರು. ಆ ತತ್ತ್ವವನ್ನೇ ಅವರು ಹಿಡಿದರು. ನದಿಯ ಪಾತ್ರದಲ್ಲಿಯೇ ಬಾವಿಯನ್ನು ಇಳಿಸಿ, ಉಸುಕಿನ ಒಳಗಿಂದ ಬಸಿದು ಬರುವ ನೀರನ್ನು ನೆಲದೊಳಗಿನ ಸುರಂಗದಿಂದ ದಂಡೆಗೆ ತಂದು, ಅಲ್ಲಿಂದ ಯಂತ್ರದಿಂದ ಗುಡ್ಡಕ್ಕೆ ಏರಿಸಿದರು. ನಿಸರ್ಗವು ಪುಕ್ಕಟೆಯಾಗಿ ಕೊಟ್ಟ ಉಸುಕೇ ಸೋಸುವ ಕುಂಡವಾಯಿತು. 1895ರಲ್ಲಿ ಮುಂಬಯಿಯ ಗವರ್ನರ ಲಾರ್ಡ ಸ್ಯಾಂಡಹರ್ಸ್ಟರು ಈ ಕೆಲಸವನ್ನು ಉದ್ಘಾಟಿಸಿದರು. ಬಡ ಊರಿಗೆ ನೀರು ಕೊಡುವ ಮೊದಲನೆಯ ಉಪಾಯವೆಂದರೆ ಹೆಚ್ಚು ದುಡ್ಡನ್ನು ಬೇಡುವದಲ್ಲ, ಇದ್ದ ದುಡ್ಡಿಗೆ ಒಗ್ಗುವ ಕೆಲಸವನ್ನು ಹುಡುಕುವದು ಎಂಬ ಪಾಠವು ಇಲ್ಲಿದೆ.

ಸಕ್ಕರದಿಂದ ಅವರು ಸೂರತಕ್ಕೂ ಅಲ್ಲಿಂದ ಪುಣೆಗೂ ಬಂದರು. ಪುಣೆಯಲ್ಲಿ ಎರಡು ಕೆಲಸಗಳು ಅವರ ಕೀರ್ತಿಯನ್ನು ಬೆಳೆಸಿದವು. ಮೊದಲನೆಯದು ಖಡಕವಾಸಲೆಯ ಕೆರೆಯ ಸ್ವಯಂಚಾಲಿತ ಬಾಗಿಲುಗಳು. ಪುಣೆ ಪಟ್ಟಣಕ್ಕೂ ಮುಠಾ ಕಾಲುವೆಗೂ ನೀರು ಕೊಡುವ ಈ ಕೆರೆಯಲ್ಲಿ ಮಳೆಗಾಲದ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿದ್ದಿತು. ಒಡ್ಡನ್ನು ಎತ್ತರಿಸಬೇಕಾದರೆ ಬಹಳ ಖರ್ಚು. ವಿಶ್ವೇಶ್ವರಯ್ಯನವರು ಒಡ್ಡಿಗೆ ಕೈ ಹಚ್ಚದೆ, ಕೋಡಿಯ ಮೇಲೆ ಬಾಗಿಲುಗಳನ್ನು ಕೂಡಿಸಿ, ನೀರಿನ ಮಟ್ಟವನ್ನು ಸುಮಾರು 8 ಅಡಿಗಳಷ್ಟು ಏರಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಬಾಗಿಲುಗಳು ತಾವಾಗಿಯೇ ತೆರೆಯುವವು. ಇಳಿದರೆ ತಾವಾಗಿಯೇ ಮುಚ್ಚುವವು. ಅಲ್ಪ ವೆಚ್ಚದಿಂದ ಹೆಚ್ಚು ಸಂಗ್ರಹವಾಯಿತು.

ಎರಡನೆಯ ಕೆಲಸವು ನಮ್ಮ ತಾಲ್ಲೂಕುಗಳಿಗೆ ಇನ್ನೂ ಹತ್ತಿರದ್ದು. ದಖ್ಖನದ ಕಾಲುವೆಗಳ ನೀರನ್ನು ಆಗ ಕಾಲುವೆಯ ಬಾಯಿಯ ಹತ್ತಿರದ ಕೆಲವು ಹಳ್ಳಿಗಳೇ ಹಿಡಿದುಕೊಳ್ಳುತ್ತಿದ್ದವು. ಅಲ್ಲಿ ಕಬ್ಬಿನ ಮೇಲೆ ಕಬ್ಬು. ನೆಲವು ಜವುಗಾಗಿ ಮಲೇರಿಯಾ ಹರಡುತ್ತಿದ್ದಿತು. ಕಾಲುವೆಯ ತುದಿಯ ಹಳ್ಳಿಗಳಿಗಾದರೋ ಧೂಳೇ ಗತಿ. ಸರಕಾರಕ್ಕೆ ಬರುವ ನೀರುಪಟ್ಟಿಯ ಉತ್ಪನ್ನವೂ ಹೂಡಿದ ಬಂಡವಾಳಕ್ಕೆ ತಕ್ಕಷ್ಟು ಇರಲಿಲ್ಲ. ವಿಶ್ವೇಶ್ವರಯ್ಯನವರು 1899ರಿಂದೀಚೆಗೆ ಇದಕ್ಕೆ ಬ್ಲಾಕ ಪದ್ಧತಿಯೆಂಬ ಪರಿಹಾರವನ್ನು ರೂಪಿಸಿದರು. ಒಂದೊಂದು ಹಳ್ಳಿಯಲ್ಲಿ ಇಂತಿಷ್ಟೇ ಎಕರೆಯ ಪಟ್ಟಿಗೆ ನೀರೆಂದು ಗೊತ್ತುಪಡಿಸಿ, ನೀರನ್ನು ಹೆಚ್ಚು ಹಳ್ಳಿಗಳಿಗೆ ಹರಡುವದು. ಆ ಪಟ್ಟಿಯಲ್ಲಿಯೂ ಮೂರರಲ್ಲೊಂದು ಪಾಲು ಕಬ್ಬು, ಒಂದು ಪಾಲು ಬತ್ತ, ಒಂದು ಪಾಲು ಕಡಿಮೆ ನೀರಿನ ಬೆಳೆ ಎಂಬ ಸರದಿಯನ್ನು ಇಡುವದು ಅದರ ಸಾರಾಂಶ.

ರೈತರು ಮೊದಲು ಇದನ್ನು ವಿರೋಧಿಸಿದರು. ತಮ್ಮ ನೀರನ್ನು ಕಸಿಯುವ ಹಂಚಿಕೆಯಿದೆಂದು ಸಂಶಯಪಟ್ಟರು. ಪತ್ರಿಕೆಗಳಲ್ಲಿಯೂ ಟೀಕೆಯಾಯಿತು. ಅವರು ಹುಕುಮಿನ ಬಲದಿಂದ ಬಾಯಿ ಮುಚ್ಚಿಸಲಿಲ್ಲ. ರೈತರನ್ನು ಕೂಡಿಸಿ ಲೆಕ್ಕವನ್ನು ಬಿಡಿಸಿ ಹೇಳಿದರು. ಕ್ರಮೇಣ ರೈತರಿಗೆ ಅದು ಒಪ್ಪಿಗೆಯಾಯಿತು. 1901ರಿಂದ 1903ರ ವರೆಗೆ ದೇಶದ ನೀರಾವರಿಯನ್ನು ಪರೀಕ್ಷಿಸಿದ ಕಮಿಶನ್ನಿನವರ ಗಮನವನ್ನೂ ಈ ಪದ್ಧತಿಯು ಸೆಳೆಯಿತು.

ವಾಚಕರು ಇಲ್ಲಿ ಕ್ಷಣಹೊತ್ತು ನಿಂತು ಘಟಪ್ರಭೆಯ ಕಾಲುವೆಗಳನ್ನು ನೆನೆಯಬೇಕು. 1876ರಿಂದ 1878ರ ವರೆಗಿನ ಭಯಂಕರ ಬರಗಾಲದ ಅನಂತರ ಈ ಭಾಗದಲ್ಲಿ ಗೋಕಾಕ ಕಾಲುವೆಯು ಬಂದಿತು. ಧೂಪದಾಳದ ಒಡ್ಡು ಆ ಯುಗದ್ದು. ಸ್ವಾತಂತ್ರ್ಯಾನಂತರ ಘಟಪ್ರಭಾ ಯೋಜನೆಯು ಬೆಳೆದು, ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ವಂಟಮುರಿಯ ರಾಜಾ ಲಖಮಗೌಡರ ಹೆಸರಿನ ಜಲಾಶಯವು 1977ರ ಸುಮಾರಿಗೆ ಮುಗಿಯಿತು. ಆದರೆ ನೂರು ವರ್ಷಗಳ ಹಿಂದೆ ಪುಣೆಯ ಕಾಲುವೆಗಳ ಮೇಲೆ ಕಂಡ ರೋಗವೇ ಇಂದು ನಮ್ಮ ಕಾಲುವೆಗಳ ಮೇಲೆಯೂ ಕಾಣುವದಿಲ್ಲವೇ? ತಲೆಯಲ್ಲಿ ಕಬ್ಬಿನ ಸಮುದ್ರ, ಸವಳು-ಜವಳಿನ ನೆಲ. ತುದಿಯಲ್ಲಿ ನೀರಿಗಾಗಿ ಮೊರೆ. ರೋಗವು ಹೊಸದಲ್ಲ, ಔಷಧವೂ ಹೊಸದಲ್ಲ. ಕುಡಿಯುವ ಮನಸ್ಸು ಮಾತ್ರ ಬೇಕಾಗಿದೆ.

1904ರಲ್ಲಿ ಅವರು ಮುಂಬಯಿ ಸರಕಾರದ ಸ್ಯಾನಿಟರಿ ಇಂಜಿನಿಯರರಾದರು. ಪಟ್ಟಣಗಳ ಕುಡಿಯುವ ನೀರು, ಗಟಾರಗಳ ವ್ಯವಸ್ಥೆ ಇವು ಅವರ ಹೊಣೆಯಾದವು. ನಮ್ಮ ಧಾರವಾಡ, ವಿಜಾಪುರಗಳ ನೀರಿನ ಯೋಜನೆಗಳೂ ಅವರ ಕೈಯಿಂದ ಹಾದುಹೋದವು. 1906ರಲ್ಲಿ ಅವರನ್ನು ಅರಬಸ್ತಾನದ ತುದಿಯಲ್ಲಿರುವ ಏಡನ್ ಬಂದರಕ್ಕೆ ಕಳಿಸಲಾಯಿತು. ಅದು ನಿಜವಾದ ಮರುಭೂಮಿ. ಸಮುದ್ರದ ಉಪ್ಪುನೀರನ್ನು ಕಾಯಿಸಿ ಭಟ್ಟಿಯಿಳಿಸಿ ಕುಡಿಯಬೇಕಾದ ಊರು. ಅದಕ್ಕಾಗುವ ಖರ್ಚನ್ನು ಹೇಳಬೇಕಾಗಿಲ್ಲ. ಅವರು ಬಂದರದಲ್ಲಿ ಕುಳಿತು ವರದಿ ಬರೆಯಲಿಲ್ಲ; ಒಳನಾಡಿನಲ್ಲಿ ತಿರುಗಿ ನೋಡಿದರು. ಸುಮಾರು 60 ಮೈಲುಗಳಾಚೆಯ ಬೆಟ್ಟಗಳಲ್ಲಿ ಮಳೆಯಾಗುವದೆಂದೂ, ಆ ನೀರು ಹರಿದು ಬಂದು ಏಡನ್ನಿನಿಂದ ಸುಮಾರು 18 ಮೈಲು ದೂರದ ಲಹೇಜದ ಹತ್ತಿರ ಹೊಳೆಯ ಉಸುಕಿನಲ್ಲಿ ಇಂಗಿಹೋಗುವದೆಂದೂ ಕಂಡುಕೊಂಡರು. ಆ ಉಸುಕಿನಲ್ಲಿ ಬಾವಿಗಳನ್ನು ತೋಡಿ, ನೀರನ್ನೆತ್ತಿ, ಕೊಳವೆಯಿಂದ ಊರಿಗೆ ತರಬೇಕೆಂದು ಸಲಹೆಯಿತ್ತರು. ಸಕ್ಕರದಲ್ಲಿ ಕಲಿತ ವಿದ್ಯೆಯೇ ಏಡನ್ನಿನಲ್ಲಿ ಫಲಕ್ಕೆ ಬಂದಿತು. ಕಣ್ಣಿಗೆ ಕಾಣದ ನೀರನ್ನು ಹುಡುಕಿ ಲೆಕ್ಕ ಹಾಕುವವನಿಗೆ ಮರುಭೂಮಿಯೂ ಪೂರ್ಣ ಬರಡಲ್ಲ.

ಇಷ್ಟು ಸೇವೆ ಸಲ್ಲಿಸಿದರೂ, ಆ ಆಳಿಕೆಯಲ್ಲಿ ಹಿಂದೀ ಜನರಿಗೆ ಚೀಫ ಇಂಜಿನಿಯರರ ಗಾದಿಯು ದುರ್ಲಭವಾಗಿದ್ದಿತು. ಸ್ವಾಭಿಮಾನಿಗಳಾದ ಇವರು 1908ರಲ್ಲಿ ತಾವಾಗಿಯೇ ನಿವೃತ್ತರಾಗಿ ಪರದೇಶ ಸಂಚಾರಕ್ಕೆ ಹೊರಟರು. ಅದೇ ವರ್ಷದ ಸಪ್ಟೆಂಬರದಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದ ಪಟ್ಟಣವನ್ನು ಹಾಳುಗೆಡವಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮ ಸರಕಾರದ ಕರೆಯಂತೆ 1909ರಲ್ಲಿ ಅಲ್ಲಿಗೆ ಹೋದ ಇವರು ಪಟ್ಟಣದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿಸಲು ಸೂಚಿಸಿದರು. ಮುಂದೆ ಎದ್ದ ಉಸ್ಮಾನ ಸಾಗರ, ಹಿಮಾಯತ ಸಾಗರಗಳು ಪ್ರವಾಹವನ್ನು ತಡೆಯುವದರ ಜೊತೆಗೆ ಪಟ್ಟಣಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಒಂದೇ ವೆಚ್ಚದಿಂದ ಎರಡು ಪ್ರಯೋಜನ. 2019ರ ಆಗಸ್ಟದಲ್ಲಿ ಘಟಪ್ರಭೆಯು ಗೋಕಾಕದ ಮನೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ, ಅತಿವೃಷ್ಟಿಯೂ ಅನಾವೃಷ್ಟಿಯೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

1909ರ ನವೆಂಬರದಲ್ಲಿ ಅವರು ಮೈಸೂರು ಸಂಸ್ಥಾನದ ಚೀಫ ಇಂಜಿನಿಯರರಾದರು. ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟುವ ಯೋಜನೆಯನ್ನು ಮುಂದಿಟ್ಟಾಗ ಸಂಸ್ಥಾನದ ಹಣಕಾಸಿನವರು ಹೆದರಿದರು. ಅತ್ತ ಮದ್ರಾಸಿನವರು ತಮ್ಮ ಪಾಲಿನ ನೀರು ಹೋಯಿತೆಂದು ತಕರಾರು ಹೂಡಿದರು. ಇಲ್ಲಿಯೇ ವಿಶ್ವೇಶ್ವರಯ್ಯನವರ ಲೆಕ್ಕದ ಬುದ್ಧಿಯು ವಿಶೇಷವಾಗಿ ಪ್ರಕಟವಾಯಿತು. ಶಿವನಸಮುದ್ರದ ವಿದ್ಯುತ್ತು 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿದ್ದಿತು. ಬೇಸಿಗೆಯಲ್ಲಿ ಹೊಳೆಯು ಸೊರಗಿದಾಗ ವಿದ್ಯುತ್ತೂ ಸೊರಗುವದು. ಕಟ್ಟೆಯಿದ್ದರೆ ವರ್ಷವಿಡೀ ಒಂದೇ ಸಮನೆ ನೀರು ಸಿಗುವದು; ಗಣಿಯವರು ಹೆಚ್ಚಿನ ವಿದ್ಯುತ್ತಿಗೆ ದುಡ್ಡು ಕೊಡುವರು. ಹೀಗೆ ಮೊದಲ ಹಂತದ ಕೆಲಸವು ತನ್ನ ಖರ್ಚನ್ನು ತಾನೇ ಹೊರುವಂತೆ ಮಾಡಿ, ನೀರಾವರಿಯ ಹಂತಕ್ಕೆ ದಾರಿ ತೆರೆಯಬಹುದು. 1911ರ ಅಕ್ಟೋಬರದಲ್ಲಿ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಮಂಜೂರಾತಿಯನ್ನು ದಯಪಾಲಿಸಿದರು. ಆರಂಭಕ್ಕೆ 81 ಲಕ್ಷ ರೂಪಾಯಿಗಳು ಗೊತ್ತಾದವು. ಸಿಮೆಂಟಿನ ಬದಲು ಸುರಕಿಯ ಗಾರೆಯನ್ನು ಬಳಸಿ, ಸಾವಿರಾರು ಕೂಲಿಕಾರರ ದುಡಿಮೆಯಿಂದ ಕಟ್ಟೆಯು ಮೇಲೆದ್ದಿತು. ಮದ್ರಾಸಿನ ಸಂಗಡದ ವ್ಯಾಜ್ಯವು 1924ರ ಒಪ್ಪಂದದಿಂದ ಒಂದು ನೆಲೆಗೆ ಬಂದು, ಮುಂದೆ ಹತ್ತು ವರ್ಷಗಳೊಳಗೆ ಕೆಲಸವು ಪೂರ್ಣವಾಯಿತು. ಖಡಕವಾಸಲೆಯ ಮಾದರಿಯ ಸ್ವಯಂಚಾಲಿತ ಬಾಗಿಲುಗಳು ಇಲ್ಲಿಯೂ ಕುಳಿತವು. ಮಂಡ್ಯದ ಒಣಭೂಮಿಯು ಹಸಿರಾದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ.

1912ರ ನವೆಂಬರದಿಂದ 1918ರ ಡಿಸೆಂಬರದ ವರೆಗೆ ಅವರು ಮೈಸೂರಿನ ದಿವಾಣರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇವು ಆ ಕಾಲದ ಫಲಗಳು. ಅದೇ ಕಾಲದಲ್ಲಿ ಗ್ರಾಮಸುಧಾರಣೆಯ ಯೋಜನೆಯೂ ಹುಟ್ಟಿತು. ಹಳ್ಳಿಹಳ್ಳಿಯಲ್ಲಿ ಸಮಿತಿಯನ್ನು ನೇಮಿಸಿ, ಬಾವಿ, ಕೆರೆ, ದಾರಿಗಳ ಕೆಲಸಕ್ಕೆ ಊರವರು ತಮ್ಮ ದುಡಿಮೆಯನ್ನೂ ಶಕ್ತ್ಯನುಸಾರ ದುಡ್ಡನ್ನೂ ಕೊಡಬೇಕು, ಸರಕಾರವು ಸಹಾಯ ಮಾಡಬೇಕು ಎಂಬದು ಅದರ ತತ್ತ್ವ. ದೊಡ್ಡ ಕಟ್ಟೆಯನ್ನು ಕಟ್ಟುವವರು ಹಳ್ಳಿಯ ಬಾವಿಯನ್ನು ಮರೆಯಲಿಲ್ಲವೆಂಬದು ಗಮನಾರ್ಹ.

ಕನ್ನಂಬಾಡಿಯ ನೀರಿನಲ್ಲಿ ಹಳ್ಳಿಗಳು ಮುಳುಗಿ ಒಕ್ಕಲುಗಳು ನೆಲೆ ತಪ್ಪಿದ್ದು ನಿಜ. ಒಬ್ಬರ ಹೊಲ ಹಸಿರಾಗಲು ಮತ್ತೊಬ್ಬರ ಮನೆ ಮುಳುಗುವ ಪ್ರಶ್ನೆಗೆ ಆ ಯುಗವು ಸಾಕಷ್ಟು ಮನಸ್ಸು ಕೊಡಲಿಲ್ಲ. ಹಿಂದುಳಿದ ವರ್ಗದವರಿಗೆ ಸರಕಾರಿ ಚಾಕರಿಯಲ್ಲಿ ಪಾಲು ಕೊಡುವ ಬಗ್ಗೆ 1918ರಲ್ಲಿ ಮಿಲ್ಲರ ಸಮಿತಿಯನ್ನು ನೇಮಿಸಿದಾಗ ಅವರಿಗೂ ಅರಮನೆಗೂ ಅಭಿಪ್ರಾಯಭೇದ ಬಂದು ಅವರು ಅಧಿಕಾರವನ್ನು ಬಿಟ್ಟರು. ಆ ವಿಷಯದಲ್ಲಿ ಕಾಲವು ಅವರ ಪಕ್ಷವನ್ನು ಹಿಡಿಯಲಿಲ್ಲ. ಮಹಾಪುರುಷರ ಚರಿತ್ರೆಯನ್ನು ಬರೆಯುವವನು ಇದನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಉಳಿದ ಮಾತಿನ ಮೇಲೆಯೂ ಜನರ ನಂಬಿಗೆ ಹೋಗುವದು.

ಅಧಿಕಾರ ಬಿಟ್ಟ ಮೇಲೂ ಅವರ ಕೆಲಸ ನಿಲ್ಲಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರಖಾನೆಯನ್ನು ಕಾಲ ಮೇಲೆ ನಿಲ್ಲಿಸಿದರು. 1929ರಲ್ಲಿ ಮುಂಬಯಿ ಸರಕಾರವು ಅವರನ್ನು ಮತ್ತೆ ಸಿಂಧಕ್ಕೆ ಕರೆಯಿತು. ಸಕ್ಕರದ ಬಳಿ ಸಿಂಧೂ ನದಿಗೆ ಕಟ್ಟುತ್ತಿದ್ದ ಮಹಾ ಒಡ್ಡಿನ ಕೆಲಸವನ್ನೂ ಅದರ ಆಯವ್ಯಯವನ್ನೂ ಹೈದರಾಬಾದಿನ ನವಾಬ ಅಲಿ ನವಾಜ ಜಂಗರ ಜೊತೆಗೆ ಪರೀಕ್ಷಿಸಿ ವರದಿ ಕೊಡುವ ಕಾರ್ಯವದು. ಮೂವತ್ತನಾಲ್ಕು ವರ್ಷಗಳ ಹಿಂದೆ ಒಂದು ಬಡ ಊರಿಗೆ ಉಸುಕಿನೊಳಗಿಂದ ಕುಡಿಯುವ ನೀರನ್ನು ಕೊಟ್ಟ ಕೈ, ಅದೇ ಊರಿನ ಬದಿಯಲ್ಲಿ ಮರುಭೂಮಿಗೆ ಕಾಲುವೆಗಳನ್ನು ಹರಿಸುವ ಕೆಲಸದ ಲೆಕ್ಕವನ್ನು ನೋಡಿತು. 1932ರಲ್ಲಿ ಆ ಒಡ್ಡು ಉದ್ಘಾಟನೆಯಾಯಿತು. 1955ರಲ್ಲಿ ಸ್ವತಂತ್ರ ಭಾರತವು ಅವರಿಗೆ ಭಾರತರತ್ನ ಪದವಿಯನ್ನಿತ್ತಿತು. 1962ರ ಎಪ್ರಿಲದಲ್ಲಿ, ನೂರು ವರ್ಷಗಳ ತುಂಬು ಬಾಳನ್ನು ಬಾಳಿ, ಅವರು ದೇಹವನ್ನಿಟ್ಟರು. ಹುಟ್ಟಿದ ಮುದ್ದೇನಹಳ್ಳಿಯಲ್ಲಿಯೇ ಅವರ ಸಮಾಧಿಯಿದೆ.

ಈಗ ನಮ್ಮ ಮಾತಿಗೆ ಬರೋಣ. 2019ರಲ್ಲಿ ಭಾರತ ಸರಕಾರವು ಆರಂಭಿಸಿದ ಜಲ ಜೀವನ ಮಿಶನ್ನಿನಲ್ಲಿ ಪ್ರತಿಯೊಂದು ಹಳ್ಳಿಯ ಮನೆಗೂ ನಲ್ಲಿಯಿಂದ ದಿನಕ್ಕೆ ತಲೆಗೆ 55 ಲೀಟರ ನೀರು ಎಂಬ ಗುರಿಯಿದೆ. ವೆಚ್ಚದಲ್ಲಿ ಕೇಂದ್ರಕ್ಕೂ ಕರ್ನಾಟಕಕ್ಕೂ ಸಮಪಾಲು. ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರಷ್ಟನ್ನು ಊರವರೇ ದುಡ್ಡಿನಿಂದಲೋ ದುಡಿಮೆಯಿಂದಲೋ ಕೊಡಬೇಕೆಂಬ ನಿಯಮವೂ, ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯು ಮುಂದೆ ಅದನ್ನು ನಡೆಸಬೇಕೆಂಬ ಕಟ್ಟಳೆಯೂ ಇವೆ. ವಿಶ್ವೇಶ್ವರಯ್ಯನವರ ಗ್ರಾಮಸುಧಾರಣೆಯ ತತ್ತ್ವವನ್ನು ಬಲ್ಲವರಿಗೆ ಇದು ಹೊಸದೆನಿಸದು. ಆದರೆ ಈ ಹತ್ತನೆಯ ಪಾಲನ್ನು ಎಷ್ಟು ಊರುಗಳಲ್ಲಿ ಊರವರು ತಿಳಿದು ಕೊಟ್ಟಿದ್ದಾರೆ? ಎಷ್ಟು ಕಡೆಗೆ ಗುತ್ತಿಗೆದಾರನೇ ಲೆಕ್ಕದಲ್ಲಿ ಹೊಂದಿಸಿದ್ದಾನೆ? ಸಮಿತಿಯ ಸದಸ್ಯರು ತಾವು ಸದಸ್ಯರೆಂಬದನ್ನಾದರೂ ಬಲ್ಲರೇ? ಈ ಪ್ರಶ್ನೆಗಳನ್ನು ಪ್ರತಿ ಗ್ರಾಮಸಭೆಯಲ್ಲಿ ಕೇಳಬೇಕು. ತಾನು ಪಾಲು ಕೊಟ್ಟ ಕೊಳವೆಯು ಸೋರಿದರೆ ಮನುಷ್ಯನು ಸುಮ್ಮನಿರಲಾರನು. ಯಾರದೋ ಕೊಳವೆ ಸೋರಿದರೆ ಅದರಲ್ಲಿ ಎಮ್ಮೆ ತೊಳೆಯುವನು.

ನಮ್ಮ ಜನರಿಗೆ ಇಂಥ ವ್ಯವಹಾರವು ಬಾರದೆಂದು ಅಧಿಕಾರಿಗಳು ಹೇಳಬಾರದು. ಹುಕ್ಕೇರಿ ತಾಲ್ಲೂಕಿನವರು 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಸ್ಥಾಪಿಸಿ, ಸದಸ್ಯರ ಪಾಲಿನಿಂದ ತಮ್ಮ ತಾಲ್ಲೂಕಿಗೆ ತಾವೇ ವಿದ್ಯುತ್ತನ್ನು ಹಂಚುವ ಏರ್ಪಾಟನ್ನು ಮಾಡಿಕೊಂಡರು. ವಿದ್ಯುತ್ತಿನಲ್ಲಿ ಆದದ್ದು ನೀರಿನಲ್ಲಿ ಏಕಾಗಬಾರದು? ಬಿಲ್ಲು ಕಟ್ಟುವ ರೂಢಿ, ಲೆಕ್ಕ ಕೇಳುವ ರೂಢಿ, ಸಭೆ ಸೇರುವ ರೂಢಿ ಇವು ಇದ್ದಲ್ಲಿ ನೀರಿನ ಸಂಘವೂ ಬದುಕುವದು. ಬಡವರ ಮೇಲೆ ಸಿರಿವಂತರ ಸಮನಾಗಿ ಪಟ್ಟಿಯನ್ನು ಹೇರಬಾರದು. ಕಬ್ಬಿನವನ ಪಟ್ಟಿಯೂ ಕೂಲಿಯವನ ಪಟ್ಟಿಯೂ ಒಂದಾದರೆ ಅದು ನ್ಯಾಯವಲ್ಲ. ಇದನ್ನು ಗ್ರಾಮ ಪಂಚಾಯತಿಗಳು ಮನಸ್ಸಿನಲ್ಲಿಡತಕ್ಕದ್ದು.

ಆದುದರಿಂದ ನಮ್ಮ ಕೋರಿಕೆಯು ಇಷ್ಟೇ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪ್ರತಿಯೊಂದು ಊರಿಗೂ ಒಂದು ನೀರಿನ ಲೆಕ್ಕದ ಪುಸ್ತಕವಿರಲಿ. ಎಷ್ಟು ನೀರು ಬರುವದು, ಯಾರಿಗೆಷ್ಟು ಹೋಗುವದು, ಕಟ್ಟಲು ಎಷ್ಟು ತಗಲಿತು, ಕಾಪಾಡಲು ವರ್ಷಕ್ಕೆ ಎಷ್ಟು ಬೇಕು, ಆ ದುಡ್ಡು ಎಲ್ಲಿಂದ ಬರುವದು ಎಂಬದನ್ನು ಅದರಲ್ಲಿ ಬರೆದು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡಲಿ. ಸಪ್ಟೆಂಬರ 15ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುವ ಕಚೇರಿಗಳು ಆ ದಿನವೇ ಈ ಪುಸ್ತಕವನ್ನು ತೆರೆದು ಊರವರ ಮುಂದೆ ಓದಿದರೆ, ಆ ಹಾರಕ್ಕಿಂತ ಅದು ಹೆಚ್ಚಿನ ಗೌರವವಾದೀತು. ಮಡ್ಡಿಯ ಮೇಲಿನ ಹಳ್ಳಿಯ ಕೊಡವೂ ತುಂಬೀತು.